ಸ್ಟೇರಿಂಗ್ ರಾಡಿನ ಗಂಟು

ಭೀಮೆಯ ಸೇತುವೆ ಇನ್ನೂ ದಾಟಿರಲಿಲ್ಲ, ಅಷ್ಟರಲ್ಲಿ ಅಮಾತೆಪ್ಪ ಸಾವುಕಾರ ನಾಲ್ಕನೇ ಸಲ ಗಾಡಿ ನಿಲ್ಲಿಸಿದ. ನನ್ನ ತಲೆ ಕೆಟ್ಟುಹೋಯಿತು.

"ಈಗೇನ್ರಿ ಮತ್ತ?"

"ಫೋಟೋ ಹೊಡೀತಾರಂತ್ರಿ ಸಾಹೇಬ್ರ. ನೀವೂ ಜರಾ ನಗ್ರಿ."

ನಾನು ನಗಲಿಲ್ಲ. ಮೂವತ್ತೊಂದು ವರ್ಷ ಬ್ರೇಕ್ ಇನ್ಸ್‌ಪೆಕ್ಟರ್ ಆಗಿದ್ದವನು ನಾನು, ಮರಿಲಿಂಗಪ್ಪ. ನನ್ನ ಜೀಪು ಕಂಡರೆ ಲಾರಿಯವರು ಹೊಲದೊಳಗೆ ಗಾಡಿ ಇಳಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಕಳುವಾದ ಗಾಡಿಗಳನ್ನು ಹುಡುಕಿಕೊಡುವ ಕೆಲಸ ಹಚ್ಚಿಕೊಂಡಿದ್ದೇನೆ. ಎರಡೂ ಕೆಲಸದಲ್ಲಿ ನಗಬೇಕಾದ ಪ್ರಸಂಗ ಬಂದದ್ದು ಕಡಿಮೆ.

ಯಾದಗಿರಿಯಿಂದ ಸುರಪುರದ ಪಕ್ಕದ ರಂಗಂಪೇಟೆಗೆ, ಹಳೆಯ ಕಾರುಗಳ ಮೇಳಕ್ಕೆ ಹೊರಟ ಒಂಬತ್ತು ಗಾಡಿಗಳ ಸಾಲಿನಲ್ಲಿ ನಮ್ಮದು ಮೂರನೆಯದು. 'ಅವಸರವಿಲ್ಲದ ಪ್ರಯಾಣ' ಎಂದು ಸಂಘದವರು ಕರೆಯೋಲೆಯಲ್ಲಿ ಅಚ್ಚು ಹಾಕಿಸಿದ್ದರು. ಅವಸರವಿಲ್ಲ ಎಂದರೆ ಎಮ್ಮೆ ಹಿಂಡು ನಮ್ಮನ್ನು ದಾಟಿ ಮುಂದೆ ಹೋಗುವಷ್ಟು ಅಂತ ಆ ಬೆಳಿಗ್ಗೆ ಗೊತ್ತಾಯಿತು.

ಸಾವುಕಾರನದು ಕೆನೆ ಬಣ್ಣದ ದೊಡ್ಡ ಡಾಜ್ ಕಾರು. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಒಳಗೆ ಅತ್ತರಿನ ವಾಸನೆ, ಸೀಟಿಗೆ ಕಸೂತಿ ಬಟ್ಟೆ. ಮೇಳದ ಪರೀಕ್ಷಕ ನಾನೇ ಆದ್ದರಿಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಿಗ್ಗೆಯಿಂದ ಖೋವಾ ಪೇಡೆ ತಿನ್ನಿಸುತ್ತಿದ್ದ. ಅವನಿಗೆ ಬೇಕಾದದ್ದು ಮೊದಲ ಬಹುಮಾನ. ನನಗೆ ಬೇಕಾದದ್ದು ಅವನ ಕೊರಳಪಟ್ಟಿ.

ಹಿಂದಿನ ಸೀಟಿನಲ್ಲಿ ದೇವಕಮ್ಮ ಕುಳಿತಿದ್ದಳು. ಸಾವುಕಾರನಿಗೆ ಹೇಳಿದಂತೆ ಅವಳು ಮೇಳ ನೋಡಲು ಬಂದ ನನ್ನ ತಂಗಿ. ನಿಜದಲ್ಲಿ, ಮೂರು ವಾರದ ಹಿಂದೆ ಪತ್ರಿಕೆಯಲ್ಲಿ ಈ ಕಾರಿನ ಚಿತ್ರ ನೋಡಿ, ಮುದನಾಳದಿಂದ ನಡೆದುಕೊಂಡೇ ಬಂದು, "ನನ್ನ ಗಂಡ ಕದ್ದಾನ ಅಂದ್ರಲ್ಲ, ಆ ಕಾರು ಇದೇ ರಿ" ಎಂದು ನನ್ನ ಬಾಗಿಲಲ್ಲಿ ನಿಂತವಳು.

ಅವಳ ಗಂಡ ಅಯ್ಯಣ್ಣ, ಕಾಲುವೆ ಅಗೆಯುವ ಕಾಲದಲ್ಲಿ ಒಬ್ಬ ಗುತ್ತಿಗೆದಾರನ ಕ್ಯಾಂಪಿನಲ್ಲಿ ಡ್ರೈವರ್. ಎಂಬತ್ತಾರನೇ ಇಸವಿಯ ಶ್ರಾವಣದಲ್ಲಿ ಒಂದು ಮುಂಜಾನೆ ಡಾಜ್ ಕಾರೂ ಇಲ್ಲ, ಡ್ರೈವರೂ ಇಲ್ಲ. ಎಂಟನೇ ದಿನ ಕಾಲುವೆಯ ಗೇಟಿಗೆ ಒಂದು ಹೆಣ ಬಂದು ಸಿಕ್ಕಿತು. ಮುಖ ಉಳಿದಿರಲಿಲ್ಲ. ಮೈಮೇಲೆ ಅಯ್ಯಣ್ಣನ ಚೌಕಡಿ ಅಂಗಿ ಇತ್ತು. ಕಾರು ಕದ್ದು ಮಾರಿ, ತಪ್ಪಿಸಿಕೊಳ್ಳುವಾಗ ಕಾಲುವೆಗೆ ಬಿದ್ದು ಸತ್ತ ಎಂದು ಕ್ಯಾಂಪಿನ ಮ್ಯಾನೇಜರ್ ಬರೆದುಕೊಟ್ಟ. ಎಲ್ಲರೂ ಹೌದೆಂದರು. ಕಡತ ಕಟ್ಟಿ ಮೇಲಿಟ್ಟರು.

ಅಂದಿನಿಂದ ಅವಳು ಕಳ್ಳನ ಹೆಂಡತಿ. ಒಂಬತ್ತು ವರ್ಷದಿಂದ ಊರ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದಾಳೆ. ಬೇಳೆ ಅಕ್ಕಿಯ ಕೋಣೆಯ ಕೀಲಿ ಮಾತ್ರ ಇವತ್ತಿಗೂ ಅವಳ ಕೈಗೆ ಕೊಟ್ಟಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಬಂದು ಬಾಗಿಲು ತೆರೆಯಬೇಕು, ಇವಳು ಹೊರಗೆ ಪಾತ್ರೆ ಹಿಡಿದು ನಿಲ್ಲಬೇಕು. ನಾನು ಕೇಸು ಹಿಡಿದದ್ದು ಆ ಕೀಲಿಗಾಗಿ.

ಸಾಕ್ಷಿ ಮಾತ್ರ ಒಂದೂ ಇರಲಿಲ್ಲ. ಗುತ್ತಿಗೆದಾರ ಸತ್ತಿದ್ದ, ಮ್ಯಾನೇಜರ್ ಸತ್ತಿದ್ದ, ಕಾಗದಪತ್ರ ಗೆದ್ದಲು ತಿಂದಿತ್ತು. ಇವತ್ತು ಸಂಜೆ ಮೇಳ ಮುಗಿದ ಕೂಡಲೇ ಡಾಜ್ ಲಾರಿ ಹತ್ತಿ ಹೈದರಾಬಾದಿನ ಒಬ್ಬ ಸಿರಿವಂತನ ಮನೆಗೆ ಹೋಗುತ್ತದೆ. ಆಮೇಲೆ ಅವಳ ಗಂಡ ಕಳ್ಳನಲ್ಲ ಎಂದು ತೋರಿಸಲು ಈ ಜನ್ಮದಲ್ಲಿ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು ಬಚ್ಚಿಟ್ಟು ಪ್ರಯೋಜನವಿಲ್ಲ. ತೊಂಬತ್ತೊಂದರಲ್ಲಿ ಈ ಕಾರನ್ನು ಅಮಾತೆಪ್ಪನ ಹೆಸರಿಗೆ ಪಾಸು ಮಾಡಿದ ಪುಸ್ತಕದಲ್ಲಿ ನನ್ನದೇ ಸಹಿ ಇದೆ. ಕೆಂಭಾವಿಯ ಅವನ ಮನೆಯಲ್ಲಿ ಹೋಳಿಗೆ ಉಂಡು, ಗಾಡಿಯ ಅಡಿಗೆ ಬಗ್ಗಿಯೂ ನೋಡದೆ ಹಾಕಿದ ಸಹಿ. ಆ ಹೋಳಿಗೆ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆಯೇ ಉರಿ ಹತ್ತುತ್ತದೆ.

ಈ ಬೆಳಿಗ್ಗೆ ಬಗ್ಗಿ ನೋಡಿದ್ದೆ. ಚಾಸಿಯ ಮೇಲಿನ ನಂಬರಿನಲ್ಲಿ ಕಡೆಯ ಮೂರು ಅಂಕಿ ಬೇರೆ ಕೈಯವು. ಅರ ಹಾಕಿ ಉಜ್ಜಿ ಮತ್ತೆ ಹೊಡೆದಿದ್ದರು.

"ಇದೇನ್ರಿ ಸಾವುಕಾರ್ರ, ನಂಬರ್ ಯಾಕ ಹಿಂಗದ?" ಎಂದು ಕೇಳಿದ್ದೆ.

"ಜಂಗ್ ಹಿಡಿದಿತ್ರಿ, ಸಾಫ್ ಮಾಡಿಸೀನಿ," ಎಂದು ನನ್ನ ಬಾಯಿಗೆ ಒಂದು ಪೇಡೆ ಇಟ್ಟಿದ್ದ.

ಪತ್ರಿಕೆಯ ಚಿತ್ರದಲ್ಲಿ ಮುಂದಿನ ಬಂಪರಿನ ಎಡಮೂಲೆ ಒಳಗೆ ಹೋಗಿತ್ತು. ಎಮ್ಮೆ ಹಾಯ್ದದ್ದು ಎಂದು ದೇವಕಮ್ಮ ಗುರುತು ಹಿಡಿದದ್ದು ಅದನ್ನೇ. ಈಗ ನೋಡಿದರೆ ಬಂಪರು ನೆಟ್ಟಗಿತ್ತು, ಹೊಸ ಪಾಲಿಶು ಮಿರಿಮಿರಿ ಎನ್ನುತ್ತಿತ್ತು. ಮೂರೇ ವಾರದಲ್ಲಿ ಅದಕ್ಕೂ ಕೈ ಹಚ್ಚಿದ್ದ. ಹೀಗೆ ಒಂದೊಂದೇ ಗುರುತು ನನ್ನ ಕಣ್ಣೆದುರೇ ಅಳಿಸಿಹೋಗುವುದನ್ನು ನೋಡುತ್ತ ನಾನು ಪೇಡೆ ತಿನ್ನಬೇಕಿತ್ತು.

ಫೋಟೋ ಮುಗಿದು ಗಾಡಿಗಳು ಮತ್ತೆ ಹೊರಟವು. ಸೇತುವೆಯ ಆಚೆ ಎರಡೂ ಕಡೆ ಭತ್ತದ ಗದ್ದೆ, ನಡುನಡುವೆ ಕೆಂಪಗೆ ಹರವಿದ ಮೆಣಸಿನಕಾಯಿ.

"ಎಲ್ಲಿ ಸಿಕ್ತು ಅಂದ್ರಿ ಈ ಗಾಡಿ?" ಎಂದೆ, ಕೇಳಿದ್ದನ್ನೇ ಮತ್ತೆ.

"ಹೈದರಾಬಾದಿನ ಗುಜರ್ಯಾಗ್ರಿ. ಅಡ್ಡ ಬಿದ್ದಿತ್ತು, ಕೋಳಿ ಮೊಟ್ಟಿ ಇಡತಿದ್ವು ಒಳಗ."

"ಅದಕ್ಕಿಂತ ಮೊದಲ ಏನ್ ಮಾಡತಿದ್ರಿ ನೀವು?"

"ಎಲ್ಲಾರಂಗ ಕಾಲುವಿ ಕೆಲಸ. ಸಿಮೆಂಟ್ ಚೀಲ ಕಾಯತಿದ್ದೆ ಒಂದು ಕ್ಯಾಂಪಿನ್ಯಾಗ."

"ಯಾವ ಕ್ಯಾಂಪು?"

"ಭಾಳ ಕ್ಯಾಂಪ್ ಇದ್ವು ಬಿಡ್ರಿ. ಅಕಾ, ಆ ಕಡಿ ನೋಡ್ರಿ, ಕೊಕ್ಕರಿ ಹ್ಯಾಂಗ ಕುಂತಾವ."

ನಾನು ಕೊಕ್ಕರೆ ನೋಡಲಿಲ್ಲ. ಅಷ್ಟರಲ್ಲಿ ಚಕ್ರ ತಗ್ಗಿಗೆ ಬಿದ್ದು ನನ್ನ ಕೈಯ ಪೆನ್ನು ಜಾರಿ ಅವನ ಕಾಲ ಬಳಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದೆ. ಸ್ಟೇರಿಂಗ್ ರಾಡಿನ ಬುಡದಲ್ಲಿ ಜಿಡ್ಡು ಹಿಡಿದ ಒಂದು ಚಿಂದಿ ಬಟ್ಟೆ ಕಟ್ಟಿತ್ತು. ರಾಡಿಗೆಲ್ಲ ಕೆನೆ ಬಣ್ಣ ಹೊಡೆದಿದ್ದರು, ಗಂಟಿನ ಸುತ್ತ ಮಾತ್ರ ಬೆರಳಗಲ ಬಿಟ್ಟು ಹೊಡೆದಿದ್ದರು. ಆ ಬೆರಳಗಲದಲ್ಲಿ ಹಳೆಯ ಕರಿ ಬಣ್ಣ ಹಾಗೇ ಇತ್ತು.

ಮಾಡುವವನು ಎಂಥ ಸೋಮಾರಿ ಎಂದುಕೊಂಡು ಪೆನ್ನು ಎತ್ತಿಕೊಂಡೆ. ನನ್ನ ಬುದ್ಧಿ ಅಷ್ಟೇ ಇತ್ತು ಆಗ.

ಶಹಾಪುರದಲ್ಲಿ ಗುಡ್ಡದ ನೆರಳಿಗೆ ಗಾಡಿ ಸಾಲು ನಿಂತಿತು. ಮಿರ್ಚಿ ಬಜಿ, ಸುಸಲಾ, ಚಹಾ. ಸಂಘದ ಕಾರ್ಯದರ್ಶಿ ಮಸ್ತಾನಸಾಬ ತನ್ನ ಹಳೆಯ ಜೀಪಿನ ಮೇಲೆ ನಿಂತು, ಇಲ್ಲಿ ಮುಕ್ಕಾಲು ತಾಸು ವಿಶ್ರಾಂತಿ ಎಂದು ಕೂಗಿದ. ಇಪ್ಪತ್ತು ಮೈಲಿ ಬಂದದ್ದಕ್ಕೆ ಮುಕ್ಕಾಲು ತಾಸು ಬೇಕಾಗುವುದು ನಡೆದು ಬಂದವರಿಗೆ. ಅದನ್ನು ಅವನಿಗೆ ಕೇಳಿಸುವಂತೆಯೇ ಹೇಳಿದೆ. ಅವನು ಸಲಾಮು ಹಾಕಿ ನಕ್ಕ.

ದೇವಕಮ್ಮನನ್ನು ಬೇವಿನ ಮರದ ಕೆಳಗೆ ಕರೆದೊಯ್ದೆ. ಪೊಟ್ಟಣದಲ್ಲಿ ನಾಲ್ಕು ಬಜಿ ಕೊಟ್ಟೆ.

"ಏನೂ ಸಿಗವಲ್ದು," ಎಂದೆ. "ನಂಬರ್ ತಿದ್ಯಾನ, ಆದ್ರ ಮೊದಲ ಯಾವ ನಂಬರ್ ಇತ್ತು ಅನ್ನೋದಕ್ಕ ಕಾಗದ ಇಲ್ಲ. ಬಂಪರ್ ನೆಟ್ಟಗ ಮಾಡ್ಯಾನ. ಎಲ್ಲಾ ಥಳಥಳ ಅಂತದ. ಸ್ಟೇರಿಂಗ್ ರಾಡಿಗಿ ಮಾತ್ರ ಒಂದು ಹೊಲಸು ಅರಿವಿ ಕಟ್ಯಾನ. ಅದಕ್ಕ ಎರಡು ಮಾರ್ಕ್ ಕಡೀತೀನಿ, ಅಷ್ಟೇ ನನ್ನ ಕೈಲೆ ಆಗೋದು."

ಅವಳ ಕೈ ಬಾಯಿಯ ಹತ್ತಿರ ನಿಂತಿತು.

"ಎಂಥಾ ಅರಿವಿ ರಿ?"

"ಮೊದಲ ಹಸಿರು ಇತ್ತೇನೋ. ಈಗ ಡಾಂಬರ್ ಆಗ್ಯಾದ."

"ಗಂಟಿನ ತುದಿ ಹೊರಗ ಬಿಟ್ಟಾರೋ, ಒಳಗ ತುರುಕ್ಯಾರೋ?"

"ಒಳಗ. ಮೂರು ಸುತ್ತು ಹಾಕಿ ಒಳಗ ತುರುಕ್ಯಾರ. ಯಾಕ?"

ಅವಳು ಬಜಿಯ ಪೊಟ್ಟಣ ಕಲ್ಲಿನ ಮೇಲಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

"ಅದು ನಾ ಕಟ್ಟಿದ್ದು ರಿ."

ನಾನು ಕಲ್ಲಿನ ಆಚೆ ಬದಿಗೆ ಕೂತೆ.

"ಬಾಜೂ ಮನಿ ಹಜರಾಬೀ ಚಿಕ್ಕಮ್ಮ ಕಲಿಸಿದ್ಲು. ದಿನಾ ಕಾಲುವಿ ದಂಡಿ ಮ್ಯಾಲ ಗಾಡಿ ಹೊಡೀತಾನ, ಏನೂ ಆಗಬಾರದು ಅಂತ ಮೊಹರಮ್ಮಿನ ಅಲಾಯಿ ದೇವ್ರ ಮುಂದ ಬೇಡಿಕೊಂಡು, ಒಂದು ರೂಪಾಯಿ ಬಿಲ್ಲಿ ಹಸಿರು ಅರಿವ್ಯಾಗ ಸುತ್ತಿ ಕಟ್ಟಿದೆ. ಅವ ತೋಳಿಗಿ ಕಟ್ಟಿಸಿಕೊಳ್ಳಲಿಲ್ಲ, ಮಂದಿ ನಗ್ತಾರ ಅಂದ. ಗಾಡಿಗೇ ಕಟ್ಟು ಅಂದ. ಊರಿಗಿ ಗಾಡಿ ತಂದಿದ್ದ ಒಂದಿನ, ನಾ ಒಳಗ ಬಗ್ಗಿ ಕಟ್ಟಿದೆ."

ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಇಮಾಮ್ ಜಾಮಿನ್ ಎನ್ನುತ್ತಾರೆ. ದೂರ ಹೋಗುವವರಿಗೆ ಕಟ್ಟುವುದು, ಅವರು ಸುಖವಾಗಿ ಮನೆಗೆ ಮರಳಿದ ಮೇಲೆ ಕಟ್ಟಿದವರೇ ಬಿಚ್ಚುವುದು, ಒಳಗಿನ ಬಿಲ್ಲೆಯನ್ನು ಬಡವರಿಗೆ ಕೊಡುವುದು. ಹಿಂದೂಗಳೂ ಕಟ್ಟುತ್ತಾರೆ, ಮುಸಲ್ಮಾನರೂ ಕಟ್ಟುತ್ತಾರೆ. ಮೊಹರಮ್ಮಿನಲ್ಲಿ ಫಕೀರರಾಗಿ ಕುಣಿಯುವವರಲ್ಲಿ ಅರ್ಧಕ್ಕರ್ಧ ನಮ್ಮ ಓಣಿಯವರೇ.

ಆದರೆ ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

"ಮೂರು ವಾರ ಆತು," ಎಂದೆ. "ಮೂರು ವಾರ ನಾ ಊರೂರು ತಿರುಗಿ ಗುಜರಿಯವರ ಕಾಲು ಹಿಡಿದೀನಿ. ಇದೊಂದು ಮಾತು ಮೊದಲ ಹೇಳಾಕ ಏನ್ ಧಾಡಿ ಆಗಿತ್ತು ನಿನಗ?"

"ಗಂಟು ಬಿಚ್ಚೋತನಕ ಹರಕಿ ಬಾಯಿಲೆ ಹೇಳಬಾರದ್ರಿ. ಹೇಳಿದ್ರ ಸುಳ್ಳಾಗ್ತದ."

"ಗಂಡ ಸತ್ತು ಇಪ್ಪತ್ತೈದು ವರ್ಷ ಆತು. ಇನ್ನೇನ್ ಸುಳ್ಳಾಗೋದು ಉಳಿದದ?"

ಅವಳು ನನ್ನ ಮುಖ ನೋಡಿದಳು. "ಸತ್ತಾನಂತ ನನಗಿಂತ ಚೆಂದ ಯಾರಿಗಿ ಗೊತ್ತದ ರಿ? ಆದ್ರೂ ಬಾಯಿ ಬರಲಿಲ್ಲ."

ಹಾಗೆ ಅನ್ನಬಾರದಿತ್ತು ನಾನು. ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆ, ಅವಳಿಗೆ ಮಾತ್ರ ತಪ್ಪಾಯಿತು ಎನ್ನಲಿಲ್ಲ. ಅನ್ನಲು ಬರುವುದಿಲ್ಲ ನನಗೆ.

ಅವಳು ಆಗಲೇ ಎದ್ದು ನಿಂತಿದ್ದಳು. ಅಮಾತೆಪ್ಪ ಕಾರಿನ ಗಾಜು ಒರೆಸುತ್ತ ಯಾರ ಜೊತೆಗೋ ನಗುತ್ತಿದ್ದ. ಅವಳ ಕಣ್ಣು ಅವನ ಮೇಲಿತ್ತು.

"ಕುಂದರು," ಎಂದೆ. "ಈಗ ಹೋಗಿ ಕಿತ್ತಾಡಿದ್ರ ಏನಂತಾನ ಗೊತ್ತೇನು? ಗುಜರಿಯಿಂದ ಬಂದದ, ನನಗೇನ್ ಗೊತ್ತು ಅಂತಾನ. ಈ ಕಾರು ಅದೇ ಕಾರು ಅನ್ನೋದು ಖರೇ ಆತು. ಆದ್ರ ಇವನ ಕೈಗಿ ಹ್ಯಾಂಗ ಬಂತು ಅನ್ನೋದು ಇವನ ಬಾಯಿಂದ ಬರಬೇಕು. ನಾ ಕೇಳೋತನಕ ನೀ ತುಟಿ ಪಿಟ್ ಅನ್ನಬ್ಯಾಡ."

ಅವಳು ಕೂತಳು. ನಾನು ಯೋಚಿಸಿದೆ. ಚಾಸಿ ನಂಬರು ಉಜ್ಜಿದವನು, ಬಂಪರು ಬಡಿಸಿದವನು, ಕರಿ ಕಾರನ್ನು ಕೆನೆ ಮಾಡಿದವನು, ಈ ಚಿಂದಿಯನ್ನು ಯಾಕೆ ಬಿಟ್ಟ? ಸೋಮಾರಿತನವಲ್ಲ. ಸೋಮಾರಿಯಾಗಿದ್ದರೆ ಅದರ ಮೇಲೆಯೇ ಬಣ್ಣ ಹೊಡೆಯುತ್ತಿದ್ದ. ಬೆರಳಗಲ ಜಾಗ ಬಿಟ್ಟು ಹೊಡೆಯಬೇಕಾದರೆ ಅವನು ಅದನ್ನು ಹರಕೆಯ ಗಂಟು ಎಂದು ತಿಳಿದೇ ಬಿಟ್ಟಿದ್ದಾನೆ. ಬೇರೆ ಊರಿನ ಕಳ್ಳನಾಗಿದ್ದರೆ ಕಿತ್ತು ಬಿಸಾಕುತ್ತಿದ್ದ. ಇವನು ನಮ್ಮವನು. ಇನ್ನೊಬ್ಬರು ಕಟ್ಟಿದ ಜಾಮಿನು ಬಿಚ್ಚಿದರೆ ಗಾಡಿ ಹೊಡೆಯುವವನ ಜೀವಕ್ಕೇ ಬರುತ್ತದೆ ಎಂಬ ಅಂಜಿಕೆ ಇವನಿಗೆ ತಾಯಿ ಹಾಲಿನ ಜೊತೆಗೇ ಬಂದಿದೆ.

ಆ ಅಂಜಿಕೆಯನ್ನೇ ಹಿಡಿದು ಎಳೆಯಬೇಕು ಎಂದು ನಿಶ್ಚಯಿಸಿದೆ.

ಶಹಾಪುರ ಬಿಟ್ಟು ಸುರಪುರದ ದಾರಿ ಹಿಡಿದ ಮೇಲೆ ಕಾಲುವೆ ದಾಟುವ ಪೂಲು ಸಿಗುತ್ತದೆ. ಅಲ್ಲಿ ಮತ್ತೆ ನಿಲ್ಲಿಸಿದರು. ಸರದಿಯ ನೀರು ಬಿಟ್ಟಿದ್ದರು, ಕಾಲುವೆ ದಂಡೆ ತುಂಬಿ ಹರಿಯುತ್ತಿತ್ತು. ಒಂಬತ್ತು ಕಾರುಗಳನ್ನು ಸಾಲಾಗಿ ನಿಲ್ಲಿಸಿ, ನೀರಿನ ಮುಂದೆ ಚಿತ್ರ ತೆಗೆಯಬೇಕಂತೆ. ಈ ಸಲ ನನಗೆ ಬೇಸರವಾಗಲಿಲ್ಲ.

ಪರೀಕ್ಷಕನ ಹಾಳೆ ಕೈಯಲ್ಲಿ ಹಿಡಿದು ಇಳಿದೆ. ಬಾಗಿಲು ತೆರೆದು ಸ್ಟೇರಿಂಗಿನ ಕೆಳಗೆ ಬೊಟ್ಟು ಮಾಡಿದೆ.

"ಸಾವುಕಾರ್ರ, ಈ ಅರಿವಿ ತಗೀರಿ."

ಅವನ ನಗು ಅಲ್ಲೇ ನಿಂತಿತು. "ಇರಲಿ ಬಿಡ್ರಿ ಸಾಹೇಬ್ರ. ಯಾರಿಗಿ ಕಾಣ್ತದ."

"ನನಗ ಕಾಣ್ತದ. ಕಾರಿಗಿ ಸಂಬಂಧ ಇಲ್ಲದ್ದು ಏನೂ ಇರಬಾರದು ಅಂತ ನಿಯಮ ಅದ. ಮಸ್ತಾನಸಾಬ, ಬರ್ರಿ ಇಲ್ಲಿ. ನಿಮ್ಮ ನಿಯಮ ನೀವೇ ಓದಿ ಹೇಳ್ರಿ."

ಮಸ್ತಾನಸಾಬ ಬಂದು ಒಳಗೆ ತಲೆ ಹಾಕಿದ. ಮುಟ್ಟಲು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ಇದು ಜಾಮಿನ್ ಗಂಟು ಅದ ರಿ. ಯಾರೋ ಮನಸಿಲೆ ಕಟ್ಯಾರ. ನಾ ಅಂತೂ ಮುಟ್ಟಂಗಿಲ್ಲ. ಮಾರ್ಕ್ ಬೇಕಾದ್ರ ನನ್ನ ಜೀಪಿನವು ಕಡೀರಿ."

"ಹಂಗಾದ್ರ ನಾನೇ ಕೊಯ್ತೀನಿ," ಎಂದು ಕಿಸೆಯಿಂದ ಚಾಕು ತೆಗೆದೆ.

ನಾನು ಬಗ್ಗುವ ಮೊದಲೇ ಅಮಾತೆಪ್ಪ ನನ್ನ ಮಣಿಕಟ್ಟು ಹಿಡಿದ. ಅರವತ್ತು ದಾಟಿದ ಮನುಷ್ಯನ ಹಿಡಿತವಲ್ಲ ಅದು.

"ಬ್ಯಾಡ್ರಿ. ಬಹುಮಾನ ಹೋಗಲಿ. ಬ್ಯಾಡ."

"ಕೈ ಬಿಡು."

"ನಿಮಗ ಗೊತ್ತಾಗಂಗಿಲ್ಲ ಸಾಹೇಬ್ರ. ಬಿಚ್ಚಬಾರದು ಇದು."

"ಗುಜರ್ಯಾಗ ಕೋಳಿ ಮೊಟ್ಟಿ ಇಡತಿದ್ವು ಅಂದಿ. ಅಂಥಾ ಗಾಡಿಗಿ ಯಾವನೋ ಕುಡುಕ ಕಟ್ಟಿದ ಚಿಂದಿ ಇದು. ಇದರ ಉಸಾಬರಿ ನಿನಗ್ಯಾಕ?"

"ಯಾವನೋ ಕುಡುಕ ಅಲ್ರಿ. ಹೆಣ್ಮಗಳು ಕಟ್ಟಿದ್ದು."

"ಯಾವ ಹೆಣ್ಮಗಳು?"

"ಡ್ರೈವರನ ಹೆಂಡ್ತಿ. ಆಕಿನೇ ಬಂದು ಬಿಚ್ಚಬೇಕು, ಇಲ್ಲಾಂದ್ರ..."

ಅಷ್ಟು ಹೇಳಿ ಅವನು ಬಾಯಿ ಮುಚ್ಚಿದ. ನನ್ನ ಮಣಿಕಟ್ಟು ಬಿಟ್ಟ.

ಮಸ್ತಾನಸಾಬ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದ. ಅವನು ದಡ್ಡನಲ್ಲ.

"ಗುಜರಿಯವ ಗಾಡಿ ಮಾರುವಾಗ ಡ್ರೈವರನ ಸಂಸಾರದ ಕತಿನೂ ಹೇಳಿ ಮಾರಿದ್ನೇನು?" ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಫೋಟೋ ತೆಗೆಯುವವನು ಇತ್ತ ತಿರುಗಿದ. "ಹೇಳೋ. ಯಾವ ಡ್ರೈವರ? ಯಾವ ಹೆಂಡ್ತಿ?"

ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನಿಂದ.

"ಆಕಿ ಬಂದಾಳ."

ತುಟಿ ಪಿಟ್ ಅನ್ನಬೇಡ ಎಂದು ಹೇಳಿದ್ದೆ. ಹೇಳಿದ್ದನ್ನು ಕೇಳುವ ಹೆಂಗಸಲ್ಲ ಅವಳು. ಕಾರಿನ ಆ ಕಡೆಯಿಂದ ಸುತ್ತಿ ಬಂದು ಅಮಾತೆಪ್ಪನ ಎದುರು ನಿಂತಳು.

"ಅವ್ವ, ನೀವು ಸಾಹೇಬ್ರ ತಂಗಿ..."

"ಮುದನಾಳದಾಕಿ ನಾ. ಅಯ್ಯಣ್ಣನ ಹೆಂಡ್ತಿ ದೇವಕಮ್ಮ."

ಅವನು ತೆರೆದ ಬಾಗಿಲ ಅಂಚಿನಲ್ಲಿ ಕುಸಿದು ಕೂತ. ಬೆಳಿಗ್ಗೆಯಿಂದ ಪೇಡೆ ಹಂಚುತ್ತಿದ್ದ ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡ.

"ಎಲ್ಲಿ ಕೊಂದಿ ನನ್ನ ಗಂಡನ್ನ?" ಎಂದಳು. ಕೂಗಲಿಲ್ಲ ಅವಳು. ಕೂಗಿದ್ದರೆ ಕೇಳುವುದು ಹಗುರವಾಗುತ್ತಿತ್ತು. "ಇದೇ ಕಾಲುವ್ಯಾಗ ನೂಕಿದೇನು? ಕಾರು ಬೇಕಾಗಿದ್ರ ಕಾರು ತಗೊಂಡು ಹೋಗಬೇಕಿತ್ತು. ಅವನ ಹೆಸರು ಯಾಕ ಕೆಡಿಸಿದಿ? ಕಳ್ಳನ ಹೆಂಡ್ತಿ ಬಂದ್ಲು ಅಂತ ಮಂದಿ ತಂಬಗಿ ಒಳಗ ಇಡ್ತಾರ. ನಾ ಬೇಯಿಸಿದ್ದು ಅವರ ಮಕ್ಕಳು ಉಣ್ತಾರ, ನನ್ನ ಕೈಗಿ ಕೀಲಿ ಕೊಡಂಗಿಲ್ಲ. ನೀ ಈ ಕಾರಿಗಿ ಹೂವಿನ ಮಾಲಿ ಹಾಕ್ಕೊಂಡು ಮೆರಿತಿ. ಸಣ್ಣ ಸಣ್ಣ ಹುಡುಗ್ರು ಕೈ ಬೀಸ್ತಾವ ನಿನಗ. ನಾಚಿಗಿ ಇಲ್ಲೇನು?"

"ನಾ ಕೊಂದಿಲ್ಲವ್ವ."

"ಮತ್ತ್ಯಾರು?"

"ಯಾರೂ ಕೊಂದಿಲ್ಲ. ಈ ಕಾರು ನಾ ಕದ್ದಿಲ್ಲ. ಅಯ್ಯಣ್ಣನೇ ತಂದು ನನ್ನ ಅಂಗಳದಾಗ ನಿಲ್ಲಿಸಿದ. ನಿನ್ನ ಹತ್ರ ಇಟ್ಟುಕೋ, ಆ ಗಂಟು ಮಾತ್ರ ಬಿಚ್ಚಬ್ಯಾಡ, ಅದು ನನ್ನ ಹೆಂಡ್ತಿ ಕಟ್ಟಿದ್ದು ಅಂದ."

"ಯಾವಾಗ?" ಎಂದು ಕೇಳಿದ್ದು ನಾನು.

ಅವನು ನೆಲ ನೋಡುತ್ತ ಹೇಳಿದ. "ಎಂಬತ್ತೆಂಟರ ದಸರಾದಾಗ."

ದೇವಕಮ್ಮ ಬೆರಳು ಮಡಚಿ ಎಣಿಸುವವಳಂತೆ ಕೈ ಎತ್ತಿದಳು, ಎಣಿಸದೆ ಇಳಿಸಿದಳು.

"ಎಂಬತ್ತಾರರಾಗ ಸತ್ತಾಂವ ಎಂಬತ್ತೆಂಟಕ್ಕ ಹ್ಯಾಂಗ ತಂದ?"

ನನಗೆ ತಡೆಯಲಾಗಲಿಲ್ಲ. ಚಾಕು ನೆಲಕ್ಕೆ ಬಿಸಾಕಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎತ್ತಿದೆ. ಮೂರು ವಾರದಿಂದ ಅದಕ್ಕಾಗಿಯೇ ಕಾದಿದ್ದೆ. "ಹೆಣದ ಮ್ಯಾಲೂ ಸುಳ್ಳು ಹೇಳ್ತಿಯೇನೋ ಹಲ್ಕಟ್. ಈ ಹೆಣ್ಮಗಳ ಮುಂದ ನಿಂತು?"

"ಸುಳ್ಳಲ್ರಿ. ಮಸ್ತಾನಸಾಬ, ಬಿಡಸ್ರಿ. ನನ್ನ ಮಕ್ಕಳ ಆಣಿ, ಸುಳ್ಳಲ್ಲ."

"ಹೆಣ ಸಿಕ್ಕದ. ಅಂಗಿ ಗುರುತು ಹಿಡಿದಾರ. ಮಣ್ಣು ಕೊಟ್ಟಾರ."

"ಅದು ನನಗ ಗೊತ್ತಿಲ್ರಿ. ಅಯ್ಯಣ್ಣ ಬದುಕ್ಯಾನ. ವರ್ಷಕ್ಕೊಮ್ಮಿ ಬರ್ತಾನ, ಕಾರು ನೋಡಿ ಹೋಗ್ತಾನ. ಮಾರತೀನಿ ಅಂತ ಫೋನಿನ್ಯಾಗ ಹೇಳಿದೆ ಹೋದ ವಾರ. ಕಡೀ ಸಲ ನೋಡ್ತೀನಿ ಅಂದ. ಇವತ್ತ ರಂಗಂಪ್ಯಾಟಿ ಮೈದಾನಕ್ಕ ಬರ್ತಾನ್ರಿ. ಈಗ ಬಂದು ನಿಂತಿರಬೇಕು. ನೀವೇ ನೋಡ್ರಿ, ಸುಳ್ಳಾದ್ರ ನನ್ನ ಇದೇ ನೀರಾಗ ನೂಕ್ರಿ."

ಕೊರಳಪಟ್ಟಿ ಹಿಡಿದ ನನ್ನ ಕೈ ತಾನಾಗಿ ಸಡಿಲವಾಯಿತು. ಇದು ಸುಳ್ಳು ಹೇಳುವವನ ಮುಖವಲ್ಲ ಎಂದು ನನಗೆ ಗೊತ್ತಾಯಿತು. ಸುಳ್ಳು ಹೇಳುವವರ ಮುಖಗಳನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಮಸ್ತಾನಸಾಬ ನನ್ನ ಭುಜ ಮುಟ್ಟಿ ಮೆಲ್ಲಗೆ ಹಿಂದಕ್ಕೆ ಎಳೆದ.

ದೇವಕಮ್ಮ ಅಳುತ್ತಾಳೆ ಎಂದುಕೊಂಡೆ. ಅಥವಾ ನಗುತ್ತಾಳೆ, ಗಂಡ ಬದುಕಿದ್ದಾನಲ್ಲ. ಎರಡೂ ಇಲ್ಲ. ಅವಳ ಮುಖ ಕಟ್ಟಿಗೆಯಂತೆ ಬಿಗಿದಿತ್ತು.

"ವರ್ಷಕ್ಕೊಮ್ಮಿ ಕಾರು ನೋಡಾಕ ಬರ್ತಾನ," ಎಂದಳು. "ಕೆಂಭಾವಿಗಿ. ಅಲ್ಲಿಂದ ಮುದನಾಳಕ್ಕ ಎಷ್ಟು ದೂರ ರಿ ಸಾಹೇಬ್ರ?"

ಅವಳಿಗೆ ಗೊತ್ತಿತ್ತು. ಒಂದು ಹೊತ್ತಿನ ಬಸ್ಸಿನ ದಾರಿ.

"ಅವ ಕಳ್ಳ ಅಲ್ಲ ಅಂತ ಇಪ್ಪತ್ತೈದು ವರ್ಷ ಊರ ಜೋಡಿ ಬಡಿದಾಡೀನಿ. ತವರಿನವರ ಜೋಡಿ ಬಡಿದಾಡೀನಿ. ನಿಮ್ಮ ಮನಿ ಬಾಗಿಲಿಗಿ ಬಂದು ನಿಂತೀನಿ. ಊರವರೇ ಖರೇ ಆದ್ರಲ್ಲ ರಿ. ನನ್ನ ಗಂಡ ಕಳ್ಳನೇ."

ಅವಳು ಸೆರಗನ್ನು ಸೊಂಟಕ್ಕೆ ಬಿಗಿದಳು. ಡಾಜಿನ ಆ ಬದಿಯ ಬಾಗಿಲು ತೆಗೆದು, ನಾನು ಕೂರುತ್ತಿದ್ದ ಮುಂದಿನ ಸೀಟಿನಲ್ಲಿ ಕೂತಳು.

"ಗಾಡಿ ಹತ್ತು," ಎಂದಳು ಅಮಾತೆಪ್ಪನಿಗೆ. "ಹೊಡಿ. ಎಲ್ಲೂ ನಿಲ್ಲಿಸಬ್ಯಾಡ. ಫೋಟೋ ಬ್ಯಾಡ, ಚಹಾ ಬ್ಯಾಡ."

ಅವನು ಹತ್ತಿದ. ನಾನು ಹಿಂದೆ ಹತ್ತಿದೆ. ಮಸ್ತಾನಸಾಬ ಏನೂ ಕೇಳದೆ ತನ್ನ ಜೀಪಿಗೆ ಓಡಿ, ಮುಂದಿದ್ದ ಎರಡು ಕಾರುಗಳನ್ನು ಬದಿಗೆ ಸರಿಸಿದ. ಮೂರನೇ ಸಲಕ್ಕೆ ಗಾಡಿ ಚಾಲೂ ಆಯಿತು. ನಾವು ಪೂಲಿನ ಮೇಲೆ ಹತ್ತಿದೆವು.

ಪೂಲಿನ ನಡುವೆ ಬಂದಾಗ ದೇವಕಮ್ಮ ಕಿಟಕಿಯಿಂದ ಕೆಳಗಿನ ನೀರು ನೋಡಿದಳು. ಆಮೇಲೆ ಅಮಾತೆಪ್ಪನ ಕಡೆಗೆ ತಿರುಗಿದಳು.

"ಬದುಕ್ಯಾನಂದ್ರ ಬದುಕಲಿ. ಅವನ್ನ ನಾ ನೋಡ್ಕೋತೀನಿ. ನೀ ಒಂದು ಮಾತು ಹೇಳು. ಅವನ ಅಂಗಿ ತೊಟ್ಟು ಗೇಟಿನ್ಯಾಗ ಒಬ್ಬಾಂವ ಬಂದು ಬಿದ್ದಿದ್ದ. ಮುಖ ಇರಲಿಲ್ಲ. ಗಂಡ ಅಂದ್ಕೊಂಡು ಮೈ ತೊಳದೀನಿ, ಬಳಿ ಒಡಕೊಂಡೀನಿ, ನನ್ನ ಕೈಲೆ ಮಣ್ಣು ಕೊಟ್ಟೀನಿ. ಅಂವ ಯಾರ ಮಗ? ಅವನ ಹೆಂಡ್ತಿ ಇನ್ನೂ ಬಾಗಿಲಾಗ ಕುಂತು ದಾರಿ ನೋಡಾಕತ್ಯಾಳೇನು?"

ಅಮಾತೆಪ್ಪನ ಕಾಲು ಕ್ಲಚ್ಚಿನಿಂದ ಜಾರಿತು. ಗಾಡಿ ಒಮ್ಮೆ ಜಿಗಿದು, ಪೂಲಿನ ನಟ್ಟ ನಡುವೆ ಬಂದ್ ಬಿತ್ತು. ಅವನು ಎರಡೂ ಕೈಯಿಂದ ಸ್ಟೇರಿಂಗು ಹಿಡಿದು ಮುಂದೆ ನೋಡುತ್ತ ಕೂತ. ಹೆಣದ ವಿಷಯ ಗೊತ್ತಿಲ್ಲ ಎಂದಿದ್ದನಲ್ಲ, ಅವಳ ಪ್ರಶ್ನೆಗೆ ಉತ್ತರ ಅವನಿಗೆ ಗೊತ್ತಿತ್ತು. ಹಿಂದಿನ ಕಾರುಗಳವರು ಒಬ್ಬೊಬ್ಬರಾಗಿ ಹಾರನ್ನು ಬಾರಿಸತೊಡಗಿದರು.